ಗಿಲ್‌ಬ್ರೆತ್ ಕುಟುಂಬದ ಕಾಗದಪತ್ರಗಳು ಮತ್ತು ಒಂದು ಕಾಲ್ಪೆಡಲ್

ಕೆಲಸದಲ್ಲಿನ ಅನಗತ್ಯ ಚಲನೆಗಳನ್ನು ಗುರುತಿಸಿ ಕಡಿಮೆ ಮಾಡುವ ಅಧ್ಯಯನವನ್ನು ಗಂಡ ಫ್ರಾಂಕ್ ಜೊತೆ ನಡೆಸಿದ ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್ ಅವರ ಕಾಗದಪತ್ರಗಳನ್ನು ನೋಡಲು ನಾನು ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಎರಡು ಸಲ ಹೋಗಿಬಂದೆ. ಕಾಲಿನಿಂದ ಪೆಡಲ್ ಒತ್ತಿ ಹಳೆಯ ಪತ್ರಗಳ ಚಿತ್ರ ತೆಗೆಯುವುದು ಆಗದ ಮಾತು ಎಂದಿದ್ದ ಸ್ನೇಹಿತರೇ ಈಗ ವಿಧಾನ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

1914ರಲ್ಲಿ ನಿರ್ವಹಣೆಯ ಮನಶ್ಶಾಸ್ತ್ರ ಕುರಿತ ಅವರ ಪುಸ್ತಕ ಅಚ್ಚಾದಾಗ, ಬರೆದವರು ಹೆಂಗಸೆಂದು ತಿಳಿಯದಂತೆ ಎಲ್. ಎಂ. ಎಂಬ ಮೊದಲಕ್ಷರಗಳನ್ನಷ್ಟೇ ಹಾಕಲಾಗಿತ್ತು. ಗಂಡ ಫ್ರಾಂಕ್ ಅವರ ಹೆಸರಿನಲ್ಲಿ ನಡೆದ ಕೆಲಸದಲ್ಲಿ ಲಿಲಿಯನ್ ಅವರ ಪಾಲೆಷ್ಟು ಎಂಬುದನ್ನು ಮನೆಯ ಕಾಗದಗಳಲ್ಲಿಯೇ ಹುಡುಕಬೇಕು ಎನ್ನುವುದು ನನ್ನ ನಂಬಿಕೆ.

ಮೊದಲ ಪ್ರವಾಸಕ್ಕೆ ವಿಮಾನದ ಟಿಕೆಟ್, ಕೊಠಡಿ ಬಾಡಿಗೆ ಎಲ್ಲ ಸೇರಿ ಎರಡು ಲಕ್ಷದ ಮೇಲೆ ಕೈಬಿಟ್ಟಿತು. ಐದು ದಿನಗಳಲ್ಲಿ ಸುಮಾರು 1,300 ಪುಟಗಳ ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಮೂರನೆಯ ಒಂದು ಪಾಲು ಮಸುಕಾಗಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾರ್ಬನ್ ಪ್ರತಿಗಳಲ್ಲಂತೂ ಕೆಳಗಿನ ಹಾಳೆಯ ಅಕ್ಷರಗಳು ಮೇಲಿನವುಗಳೊಡನೆ ಕಲೆತು ಹೋಗಿದ್ದವು. ನಾಲ್ಕು ತಿಂಗಳ ಉಳಿತಾಯ ಹೀಗೆ ಹೋದದ್ದಕ್ಕೆ ಬಹಳ ನೊಂದೆ.

ಆಮೇಲೆ ಗಿಲ್‌ಬ್ರೆತ್ ದಂಪತಿಗಳ ವಿಧಾನವನ್ನೇ ನನ್ನ ಕೈಗಳಿಗೆ ಅನ್ವಯಿಸಿದೆ. ಫ್ರಾಂಕ್ ಅವರು ಇಟ್ಟಿಗೆಯನ್ನು ಗಾರೆಯವನ ಸೊಂಟದ ಮಟ್ಟಕ್ಕೆ ತಂದು, 18 ಚಲನೆಗಳನ್ನು ಐದಕ್ಕೆ ಇಳಿಸಿ, ಗಂಟೆಗೆ 120 ಇಟ್ಟಿಗೆಯ ಕೆಲಸವನ್ನು 350ಕ್ಕೆ ಏರಿಸಿದ್ದರು. ನನ್ನ ಥರ್ಬ್ಲಿಗ್‌ಗಳನ್ನು, ಅಂದರೆ ಒಂದು ಕೆಲಸವನ್ನು ಒಡೆದಾಗ ಸಿಗುವ ಸಣ್ಣ ಸಣ್ಣ ಚಲನೆಗಳನ್ನು, ಬರೆದು ನೋಡಿದಾಗ, ಕಾಲ ತಿನ್ನುತ್ತಿದ್ದುದು ಹಾಳೆ ತಿರುಗಿಸುವುದಲ್ಲ, ಹಾಳೆಯನ್ನು ಬಿಟ್ಟು ಫೋನಿನ ಗುಂಡಿಗೆ ಕೈ ಹೋಗಿ ಬರುವುದು ಎಂದು ತಿಳಿಯಿತು. ಕಾಲಿನಿಂದ ತೆರೆಯುವ ಕಸದ ಡಬ್ಬಿ ಲಿಲಿಯನ್ ಅವರ ಹೆಸರಿಗೆ ಅಂಟಿಕೊಂಡಿರುವಾಗ ಬೇರೆಲ್ಲಿ ಹುಡುಕಲಿ? ಸಂಗೀತಗಾರರು ಪುಟ ತಿರುಗಿಸಲು ಬಳಸುವ ಬ್ಲೂಟೂತ್ ಪೆಡಲನ್ನು ಆರು ಸಾವಿರದ ಹತ್ತಿರ ಕೊಟ್ಟು ತಂದೆ. ಮೊದಲ ವಾರ ಪಾದ ಒತ್ತಿದಾಗಲೆಲ್ಲ ಮೇಜು ಅದುರುತ್ತಿತ್ತು. ಅದನ್ನು ನಿಲ್ಲಿಸಿದ ಉಪಾಯ ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಕಾರ್ಬನ್ ಪ್ರತಿಯ ಕೆಳಗೆ ಒಂದು ಬಿಳಿಯ ರಟ್ಟು ಸೇರಿಸಿದ್ದರಿಂದ ಅಕ್ಷರಗಳು ಎದ್ದು ನಿಂತವು.

ಎರಡನೆಯ ಸಲ ಆರು ದಿನಗಳಲ್ಲಿ 4,000ಕ್ಕೂ ಹೆಚ್ಚು ಪುಟಗಳಾದವು, ಕೆಟ್ಟವು ಐವತ್ತರೊಳಗೆ. ಇಷ್ಟನ್ನು ಒಬ್ಬರೇ ಮಾಡಿದವರನ್ನು ನಾನಿನ್ನೂ ಕಂಡಿಲ್ಲ.

ನಡುವೆ ಮನೆಯಲ್ಲಿ ಬೆರಳಿಗೆ ಸಣ್ಣ ದೀಪ ಕಟ್ಟಿ, ಕತ್ತಲಲ್ಲಿ ದೀರ್ಘ ಎಕ್ಸ್‌ಪೋಶರ್ ಕೊಟ್ಟು, ಗಿಲ್‌ಬ್ರೆತ್ ದಂಪತಿಗಳ ಕ್ರೋನೊಸೈಕಲ್‌ಗ್ರಾಫ್‌ನ (ಕೈಯ ಚಲನೆಯನ್ನು ಬೆಳಕಿನ ಗೆರೆಯಾಗಿ ಮೂಡಿಸುವ ಚಿತ್ರ) ಮಾದರಿಯಲ್ಲಿ ಹಾಳೆ ತಿರುಗಿಸುವ ಚಿತ್ರ ತೆಗೆದೆ. ನನ್ನ ಮಣಿಕಟ್ಟು ಪ್ರತಿ ಸಲವೂ ಅನಗತ್ಯವಾಗಿ ಒಂದು ಕುಣಿಕೆ ಸುತ್ತುತ್ತಿದ್ದುದು ಆ ಬೆಳಕಿನ ಗೆರೆಯಲ್ಲಿ ಸ್ಪಷ್ಟವಾಗಿ ಕಂಡಿತು.

ಈಗ ತಾರೀಖಿಲ್ಲದ ಪುಟಗಳನ್ನು ಹೊಂದಿಸುತ್ತಿದ್ದೇನೆ. ಗಿಲ್‌ಬ್ರೆತ್ ದಂಪತಿಗಳಿಗೆ ಹನ್ನೆರಡು ಮಕ್ಕಳು, ಮೊದಲನೆಯವಳು 1905ರಲ್ಲಿ, ಕೊನೆಯವಳು 1922ರಲ್ಲಿ ಹುಟ್ಟಿದವರು. ಪತ್ರದಲ್ಲಿ ಬರುವ ಅತಿ ಚಿಕ್ಕ ಕೂಸಿನ ಹೆಸರು ಹಿಡಿದರೆ ವರ್ಷ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಫ್ರಾಂಕ್ ತೀರಿಕೊಂಡ 1924ರ ಜೂನ್‌ನಿಂದ ಈಚಿನ ಪತ್ರಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳಿಗೆ ಟೈಪ್‌ರೈಟರಿನ ಸವೆದ ಅಕ್ಷರಗಳನ್ನು ಹೋಲಿಸಿ ನೋಡುತ್ತಿದ್ದೇನೆ.