ಹತ್ತಿರದ ಮಾತ್ರೆ, ಹತ್ತಿರದ ಆಸ್ಪತ್ರೆ: ನಾನು ಹುಡುಕಿಕೊಡುವ ರೀತಿ

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರ ಮನೆಯವರು ಬಂದು, "ಅಣ್ಣಾ, ಇದಕ್ಕೆ ಹತ್ತಿರದಲ್ಲಿ ಏನಾದ್ರೂ ಇದೆಯಾ ನೋಡಿ" ಅಂತ ಕೇಳುತ್ತಾರೆ.

ನೆಟ್‌ನಲ್ಲಿ ಬರೀ ಕಾಯಿಲೆ ಹೆಸರು ಹಾಕಿದರೆ ಮೊದಲು ಬರುವುದು ಜಾಹೀರಾತು. ಶುಗರ್ ಬುಡಸಮೇತ ಗುಣ ಮಾಡುವ ಪುಡಿ, ಇಲ್ಲವೇ ಬೆಂಗಳೂರಿನ ದೊಡ್ಡ ಆಸ್ಪತ್ರೆ. ಅದಕ್ಕೇ ಏನು ಬೇಕು ಅಂತ ಮೊದಲು ಕೇಳುತ್ತೇನೆ. ಮಾತ್ರೆಯಾ, ಟೆಸ್ಟಾ, ಡಯಾಲಿಸಿಸ್ಸಾ? ಆಮೇಲೆ ಅದರ ಜೊತೆ ಮಡಿಕೇರಿ, ಕುಶಾಲನಗರ ಅಂತ ಊರು ಸೇರಿಸಿ ಹುಡುಕುತ್ತೇನೆ.

ಮಾತ್ರೆ ಕೇಳಿ ಬರುವವರೇ ಜಾಸ್ತಿ. ಎಸ್ಟೇಟ್ ಕೆಲಸದ ಒಬ್ಬ ಅಕ್ಕ ತನ್ನ ತಾಯಿಯ ಮಾತ್ರೆ ಶೀಟು ತಂದಿದ್ದರು. ಬೇಕಾದಷ್ಟೇ ಕತ್ತರಿಸಿ ಕೊಟ್ಟಿದ್ದ ತುಂಡು, ಕಂಪನಿ ಇಟ್ಟ ಹೆಸರು ಅರ್ಧ ಹೋಗಿತ್ತು. ಹಿಂಬದಿಯ ಸಣ್ಣ ಅಕ್ಷರದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಒಳಗಿರುವ ಔಷಧದ ಹೆಸರು ಸಿಕ್ಕಿತು: ಮೆಟ್‌ಫಾರ್ಮಿನ್, 500 ಮಿಲಿಗ್ರಾಂ. ಆ ಸಾಲು ಸಿಕ್ಕರೆ ಸಾಕು. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಬೆಲೆ ತೋರಿಸುತ್ತದೆ, ಕಡಿಮೆ ಬೆಲೆಗೆ ಔಷಧಿ ಸಿಗುವ ಹತ್ತಿರದ ಜನೌಷಧಿ ಕೇಂದ್ರವನ್ನೂ ತೋರಿಸುತ್ತದೆ. ಪಕ್ಕದಲ್ಲಿ 'ಎಸ್‌ಆರ್' ಅಂತ ಇದ್ದರೆ ಅದನ್ನೂ ಬರೆದುಕೊಳ್ಳಿ. ಅದು ನಿಧಾನವಾಗಿ ಕರಗುವ ಮಾತ್ರೆ, ಸಾದಾ ಮಾತ್ರೆ ಅದರ ಬದಲಿಗೆ ಆಗುವುದಿಲ್ಲ. ಡಾಕ್ಟರನ್ನು ಕೇಳದೆ ಯಾವುದನ್ನೂ ಬದಲಾಯಿಸಬೇಡಿ.

ಡಯಾಲಿಸಿಸ್‌ಗೆ ಮಾತ್ರ, ಮ್ಯಾಪ್‌ನಲ್ಲಿ ಕಂಡಿತು ಅಂತ ಯಾರನ್ನೂ ಕಳಿಸುವುದಿಲ್ಲ. ಫೋನ್ ಮಾಡಿ ವಿಚಾರಿಸುತ್ತೇನೆ. ಸ್ಲಾಟ್ ಖಾಲಿ ಇದೆಯಾ, ಯಾವ ದಿನ, ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮೆಷಿನ್ ಇದೆಯಾ? ವಾರಕ್ಕೆ ಎರಡು ಮೂರು ಸಲ ಹೋಗಬೇಕಾದ ಜೀವವನ್ನು ಸುಮ್ನೆ ಅಲೆಸಬಾರದು ಅಲ್ವಾ?

ಮೈಸೂರಿನ ಖಾಸಗಿ ಆಸ್ಪತ್ರೆಗೇ ಹೋಗಬೇಕಾಗಿ ಬಂದರೆ, ಅದು ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿ ಇದೆಯಾ ನೋಡುತ್ತೇನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮೈಸೂರು ಬಸ್ ಹತ್ತುವ ಮೊದಲೇ ಅದು ಕೈಯಲ್ಲಿರಲಿ.

ಸಿಕ್ಕಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿ ಕೊಡುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಆಗ ವಾಟ್ಸಾಪ್‌ಗೆ ಕಳಿಸಿದ್ದು ಉಪಯೋಗಕ್ಕೆ ಬರುವುದಿಲ್ಲ. ಆಸ್ಪತ್ರೆ ನಂಬರ್, ಹೋಗುವ ದಿನ, ಒಯ್ಯಬೇಕಾದ ಕಾಗದಗಳು, ಕೆಳಗೆ ಆರೋಗ್ಯ ಸಹಾಯವಾಣಿ 104. ಇಷ್ಟು ಒಂದೇ ಹಾಳೆಯಲ್ಲಿ ಇರುತ್ತದೆ. ರಿಪೋರ್ಟಿನ ಫೋಟೋ ನನ್ನ ಮೊಬೈಲ್‌ನಲ್ಲಿದ್ದರೆ, ಅವರು ಹೊರಡುವ ಮುಂಚೆ ಅವರ ಎದುರಿಗೇ ಅಳಿಸುತ್ತೇನೆ.