ಆಪರೇಷನ್‌ಗೆ ದಿನ ಗೊತ್ತಾಗಿದೆಯೇ? ತಯಾರಿ ಹೀಗಿರಲಿ

ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದ ಕೂಡಲೇ ಮನೆಯವರೆಲ್ಲರ ತಲೆಯಲ್ಲಿ ಓಡುವುದು ರಜೆ, ಹಣ, ಜೊತೆಗೆ ಯಾರಿರಬೇಕು ಎಂಬ ಲೆಕ್ಕ. ಅದೆಲ್ಲ ಬೇಕಾದದ್ದೇ. ಆದರೆ ರೋಗಿಯೊಬ್ಬರೇ ಮಾಡಬಹುದಾದ ಕೆಲಸವೊಂದಿದೆ: ತನ್ನ ದೇಹದ ವಿಷಯವನ್ನು ಏನೂ ಮುಚ್ಚಿಡದೆ ವೈದ್ಯರಿಗೆ ಹೇಳುವುದು. ಉಳಿದ ತಯಾರಿಯೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಮಾತ್ರೆಗಳ ಪಟ್ಟಿ

ನೀವು ತೆಗೆದುಕೊಳ್ಳುವ ಮಾತ್ರೆ, ಟಾನಿಕ್, ಇಂಜೆಕ್ಷನ್, ಕಣ್ಣಿನ ಹನಿ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಒಂದೊಂದೇ ಸ್ಟ್ರಿಪ್ ನೋಡಿ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಬರೆದುಕೊಳ್ಳಿ. ಗಿಡಮೂಲಿಕೆ ಪುಡಿ, ವಿಟಮಿನ್, ಅಂಗಡಿಯಲ್ಲಿ ನೀವೇ ಕೇಳಿ ತಂದ ನೋವಿನ ಮಾತ್ರೆಗಳನ್ನೂ ಬಿಡಬೇಡಿ. ‘ಅದು ಔಷಧಿಯೇನಲ್ಲ ಬಿಡಿ’ ಎಂದು ಹೇಳದೆ ಬಿಡುವುದು ಇವನ್ನೇ. ಬೆಳ್ಳುಳ್ಳಿ, ಗಿಂಕ್ಗೊ ಸಾರದ ಕ್ಯಾಪ್ಸೂಲ್‌ಗಳೂ ರಕ್ತಸ್ರಾವ ಹೆಚ್ಚಿಸಬಲ್ಲವು.

ಪಟ್ಟಿ ತೋರಿಸಿ, ಯಾವುದನ್ನು ಯಾವಾಗ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಸಾಮಾನ್ಯವಾಗಿ 5 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಆದರೆ ಇತ್ತೀಚೆಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಮ್ಮಷ್ಟಕ್ಕೆ ತಾವೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಂಡು ಜೀವಕ್ಕೇ ಅಪಾಯ. ಸ್ಟೀರಾಯ್ಡ್ ಮಾತ್ರೆಯನ್ನೂ ಹಠಾತ್ತನೆ ಬಿಡುವಂತಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಲು ಹೇಳುವುದಿದೆ. ಇಲ್ಲದಿದ್ದರೆ ಸಕ್ಕರೆ ಹೆಚ್ಚೇನೂ ಇಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೂ ಸರಿಹೊಂದುತ್ತದೆ ಎಂದುಕೊಳ್ಳಬೇಡಿ.

ಅರಿವಳಿಕೆ ತಜ್ಞರ ಮುಂದೆ ಸಂಕೋಚ ಬೇಡ

ಸರ್ಜನ್ ಬಳಿ ಹತ್ತು ಪ್ರಶ್ನೆ ಕೇಳುವವರೂ ಅರಿವಳಿಕೆ ತಜ್ಞರ ಮುಂದೆ ತಲೆಯಾಡಿಸಿ ಎದ್ದು ಬರುತ್ತಾರೆ. ಆಪರೇಷನ್ ನಡೆಯುವಷ್ಟು ಹೊತ್ತೂ ನಿಮ್ಮ ಉಸಿರು, ನಾಡಿ, ರಕ್ತದೊತ್ತಡವನ್ನು ಕಾಯುವವರು ಇವರೇ. ಹಿಂದಿನ ಆಪರೇಷನ್‌ನಲ್ಲಿ ತೊಂದರೆಯಾಗಿತ್ತೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ವಿಪರೀತ ಜ್ವರ ಬಂದಿತ್ತೇ, ಯಾವ ಔಷಧಿ ಅಥವಾ ಲ್ಯಾಟೆಕ್ಸ್ ರಬ್ಬರ್ ಅಲರ್ಜಿಯಿದೆ, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತ ಮಧ್ಯೆ ಉಸಿರು ನಿಂತಂತಾಗುತ್ತದೆಯೇ, ಹಲ್ಲು ಅಲ್ಲಾಡುತ್ತಿದೆಯೇ, ಇವೆಲ್ಲ ಅವರಿಗೆ ಬೇಕು. ಕುಡಿತ, ಧೂಮಪಾನ, ಮಾದಕ ವಸ್ತುಗಳ ವಿಷಯವನ್ನೂ ಇದ್ದದ್ದು ಇದ್ದಂತೆ ಹೇಳಿ. ಮನೆಯವರೆದುರು ಮುಜುಗರವೆನಿಸಿದರೆ, ಒಬ್ಬರೇ ಮಾತಾಡಬೇಕು ಎಂದು ಕೇಳಿ. ಅವರು ಕೇಳುವುದು ನಿಮ್ಮ ತಪ್ಪು ಹುಡುಕಲಿಕ್ಕಲ್ಲ, ಔಷಧಿಯ ಪ್ರಮಾಣ ಲೆಕ್ಕ ಹಾಕಲಿಕ್ಕೆ.

ಕೈಯಲ್ಲಿರುವ ವಾರಗಳು

ತುರ್ತು ಆಪರೇಷನ್ ಅಲ್ಲವಾದರೆ ಸಿಗುವ ಸಮಯ ದೊಡ್ಡ ವರ. ಸಿಗರೇಟು, ಬೀಡಿ ಬಿಡಿ. 4 ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದಕ್ಕೂ ಶ್ವಾಸಕೋಶಕ್ಕೂ ಬಹಳ ಅನುಕೂಲ. ತಡವಾಗಿ ಬಿಟ್ಟರೂ ಲಾಭವಿದೆ. ರಕ್ತಹೀನತೆ ಇದ್ದರೆ ಈಗಲೇ ಚಿಕಿತ್ಸೆ ಶುರುವಾಗಲಿ, ಸಕ್ಕರೆ ಹತೋಟಿಗೆ ಬರಲಿ. ದಿನವೂ ನಡೆಯಿರಿ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಆಪರೇಷನ್‌ಗೆ ಮೊದಲೇ ಕಲಿತುಕೊಳ್ಳಿ. ಹೊಲಿಗೆಯ ನೋವಿನ ನಡುವೆ ಹೊಸದಾಗಿ ಕಲಿಯುವುದು ಕಷ್ಟ. ಆಪರೇಷನ್‌ಗೆ ಹಿಂದಿನ ದಿನಗಳಲ್ಲಿ ನೆಗಡಿ, ಕೆಮ್ಮು, ಜ್ವರ, ಚರ್ಮದ ಮೇಲೆ ಹುಣ್ಣು ಕಾಣಿಸಿಕೊಂಡರೆ ಆಸ್ಪತ್ರೆಗೆ ತಿಳಿಸಿ. ದಿನ ಮುಂದಕ್ಕೆ ಹೋದರೂ ಪರವಾಗಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ

ಓದದೆ ಸಹಿ ಹಾಕಬೇಡಿ. ಆಪರೇಷನ್ ಏಕೆ ಬೇಕು, ಮಾಡಿಸದಿದ್ದರೆ ಏನಾಗುತ್ತದೆ, ಬೇರೆ ದಾರಿಯಿದೆಯೇ, ಅಪಾಯಗಳೇನು, ಎಷ್ಟು ದಿನಕ್ಕೆ ಮೊದಲಿನಂತೆ ಓಡಾಡಬಹುದು? ಇಷ್ಟನ್ನಾದರೂ ಕೇಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನುವ ಹಕ್ಕು ನಿಮಗಿದೆ.

ಹೊಟ್ಟೆ ಖಾಲಿ ಇರಬೇಕು, ಏಕೆ?

ಅರಿವಳಿಕೆಯಲ್ಲಿ ಪ್ರಜ್ಞೆಯ ಜೊತೆಗೆ ಕೆಮ್ಮುವ, ನುಂಗುವ ಪ್ರತಿಕ್ರಿಯೆಗಳೂ ಮಲಗಿಬಿಡುತ್ತವೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ತಡೆಯಲು ದೇಹಕ್ಕೆ ಶಕ್ತಿಯಿರುವುದಿಲ್ಲ. ಅದಕ್ಕೇ ಲಘು ಆಹಾರವಾದರೆ 6 ಗಂಟೆ, ಎಣ್ಣೆ–ಕೊಬ್ಬಿನ ಊಟವಾದರೆ 8 ಗಂಟೆ ಅಥವಾ ಹೆಚ್ಚು ಅಂತರವಿರಬೇಕು. ಹಾಲು, ಹಾಲು ಹಾಕಿದ ಕಾಫಿ–ಚಹಾ ಕುಡಿಯುವ ವಸ್ತುವಾದರೂ ಲೆಕ್ಕಕ್ಕೆ ಊಟವೇ. ಎದೆಹಾಲು ಕುಡಿಯುವ ಮಗುವಿಗೆ 4 ಗಂಟೆ. ನೀರಿನಂಥ ತಿಳಿ ದ್ರವವನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ವಿನಾಕಾರಣ ರಾತ್ರಿಯಿಡೀ ನೀರೂ ಮುಟ್ಟದೆ ಬಾಯಾರಿ ಬಳಲುವುದು ಬೇಡ. ಆದರೂ ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ. ಮಧುಮೇಹ ಅಥವಾ ತೂಕ ಇಳಿಸಲು ವಾರದ ಇಂಜೆಕ್ಷನ್ ತೆಗೆದುಕೊಳ್ಳುವವರ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅವರಿಗೆ ಬೇರೆಯೇ ಸೂಚನೆ ಇರಬಹುದು. ತಪ್ಪಿ ಏನಾದರೂ ತಿಂದಿದ್ದರೆ ಹೇಳಿಬಿಡಿ. ಬೈಸಿಕೊಳ್ಳಬೇಕಾದೀತು ಎಂದು ಮುಚ್ಚಿಡುವ ವಿಷಯವಲ್ಲ ಅದು.

ಆ ದಿನ ಬೆಳಿಗ್ಗೆ

ಸೋಪು ಹಚ್ಚಿ ಸ್ನಾನ ಮಾಡಿ. ಆಪರೇಷನ್ ಆಗುವ ಜಾಗದ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರಿಕೊಳ್ಳುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್ ಬಳಸುತ್ತಾರೆ. ಉಗುರು ಬಣ್ಣ ಅಳಿಸಿ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕಕ್ಕೆ ಅಡ್ಡಿಯಾಗಬಹುದು. ಬಿಗಿಯಾದ ಉಂಗುರವನ್ನು ಮನೆಯಲ್ಲೇ ತೆಗೆದಿಡಿ. ಕೈ ಊದಿಕೊಂಡರೆ ಉಂಗುರವನ್ನೇ ಕತ್ತರಿಸಬೇಕಾದೀತು. ಕಟ್ಟುಹಲ್ಲು, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದರೆ ನರ್ಸ್‌ಗೆ ತಿಳಿಸಿ. ಹಳೆಯ ವರದಿಗಳು, ಸ್ಕ್ಯಾನ್ ಫಿಲ್ಮ್, ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿರಲಿ.

ಥಿಯೇಟರ್‌ಗೆ ಹೋಗುವ ಮೊದಲು ಹೆಸರೇನು, ಯಾವ ಆಪರೇಷನ್, ಯಾವ ಕಡೆ ಎಂದು ಹಲವರು ಬಂದು ಮತ್ತೆ ಮತ್ತೆ ಕೇಳಬಹುದು. ಬೇಸರ ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 19 ಅಂಶಗಳ ಸುರಕ್ಷತಾ ಪಟ್ಟಿ ಇಂಥದ್ದನ್ನೇ ಮಾಡಿಸುತ್ತದೆ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಮಂಡಿ, ಕಣ್ಣು, ಕಿವಿಯಂಥ ಎರಡೆರಡಿರುವ ಅಂಗವಾದರೆ ಮಾರ್ಕರ್ ಗುರುತು ಸರಿಯಾದ ಕಡೆ ಇದೆಯೇ ಎಂದು ನೀವೂ ನೋಡಿಕೊಳ್ಳಿ.

ಅಂದೇ ಮನೆಗೆ ಕಳಿಸುವ ಆಪರೇಷನ್ ಆದರೂ ಕರೆದೊಯ್ಯಲು ಒಬ್ಬರು ಬೇಕು, ರಾತ್ರಿ ಜೊತೆಗೂ ಇರಬೇಕು. ಮುಂದಿನ 24 ಗಂಟೆ ವಾಹನ ಓಡಿಸಬೇಡಿ, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬೇಡಿ. ನಿಲ್ಲಿಸಿದ್ದ ಮಾತ್ರೆಗಳನ್ನು ಮತ್ತೆ ಯಾವಾಗ ಶುರುಮಾಡಬೇಕು, ಜ್ವರ, ರಕ್ತಸ್ರಾವ, ಮೀನಖಂಡದ ನೋವು–ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು, ಜೊತೆಗಿರುವವರ ಎದುರಿನಲ್ಲೇ ಕೇಳಿ ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡು ಹೊರಡಿ.