ಕವಳಿ ಹಣ್ಣು ಕಪ್ಪೇರಬೇಕಾದರೆ ಮಣ್ಣು ಹೇಗಿರಬೇಕು

ಕವಳಿ ಹಣ್ಣಿನ ಕಡುಬಣ್ಣ ಆಂಥೋಸಯಾನಿನ್ ಎಂಬ ಆಂಟಿಆಕ್ಸಿಡೆಂಟ್‌ನದು. ಕೊಪ್ಪಳದ ಗುಡ್ಡದಂಚಿನ ಮಸಾರಿ ಹೊಲದ ಬದುವಿನಲ್ಲಿ ಕವಳಿ ಬೆಳೆಸುವವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಮಾದರಿಯನ್ನು ಬುಡದಿಂದಲ್ಲ, ಗಿಡದ ನೆರಳಿನ ಅಂಚಿನಿಂದ ತೆಗೆಯಿರಿ. ಐದಾರು ಕಡೆ 30 ಸೆಂ.ಮೀ. ಆಳದವರೆಗಿನ ಮಣ್ಣನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಕಳಿಸಿ. ತುಕ್ಕು ಹಿಡಿದ ಬುಟ್ಟಿ ಬೇಡ, ಕಬ್ಬಿಣದ ಅಂಶದ ಲೆಕ್ಕ ತಪ್ಪುತ್ತದೆ. ಎರೆ ಹೊಲವಾದರೆ 30ರಿಂದ 60 ಸೆಂ.ಮೀ. ಮಣ್ಣನ್ನೂ ಬೇರೆಯಾಗಿ ಕೊಡಿ. ಕಾಲುವೆ ನೀರಾವರಿಯ ಕಡೆ ಉಪ್ಪು ಕೆಳಗೇ ಕೂತಿರಬಹುದು.

ರಸಸಾರ (pH, ಮಣ್ಣಿನ ಹುಳಿ-ಕ್ಷಾರದ ಅಳತೆ) 8ಕ್ಕಿಂತ ಮೇಲಿದ್ದರೆ ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದು ಕಷ್ಟ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಸಿಂಪಡಿಸಿ.

ಹೆಚ್ಚು ಜನ ಕೆಡಿಸುವುದು ಯೂರಿಯಾದಿಂದ. ಸಾರಜನಕ ಹೆಚ್ಚಾದರೆ ಗಿಡ ಚಿಗುರಿಗೇ ಶಕ್ತಿ ಸುರಿಯುತ್ತದೆ, ಆಂಥೋಸಯಾನಿನ್ ಸೇರುವ ಫಿನಾಲ್ ಗುಂಪಿನ ವಸ್ತುಗಳು ಕಡಿಮೆಯಾಗುತ್ತವೆ. ದಟ್ಟ ಎಲೆಯ ನೆರಳಿಗೆ ಹಣ್ಣು ಪೇಲವ. ಮಳೆಗೆ ಮುಂಚೆ ಗಿಡಕ್ಕೆ ಒಂದು ಬುಟ್ಟಿ ಕಳಿತ ಸಗಣಿ ಗೊಬ್ಬರ ಸಾಕು.

ಹಣ್ಣು ಬಣ್ಣಕ್ಕೆ ತಿರುಗಿದಾಗ ನೀರು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಹದವಾದ ಬರ ಆಂಟಿಆಕ್ಸಿಡೆಂಟ್ ಹೆಚ್ಚಿಸಬಲ್ಲದು. ಅತಿಯಾದರೆ ಕಾಯಿ ಉದುರುತ್ತವೆ. ನಮ್ಮ ಬಿಸಿಲಿಗೆ ಬಣ್ಣವೂ ಕುಂದುತ್ತದೆ, ಹಾಗಾಗಿ ಬುಡಕ್ಕೆ ಒಣಹುಲ್ಲು ಹಾಸಿ.

ಎರಡು ಜಾಗದ ಹಣ್ಣು ಹೋಲಿಸುವಾಗ ಒಂದೇ ಮಾಗಿದ ಹಂತದವನ್ನು ಆರಿಸಿ, ಆಂಟಿಆಕ್ಸಿಡೆಂಟ್ ಅಂಶವನ್ನು ಒಣತೂಕದಲ್ಲಿ (ನೀರಿನಂಶ ಬಿಟ್ಟ ತೂಕದಲ್ಲಿ) ಲೆಕ್ಕ ಹಾಕಿಸಿ. ಇಲ್ಲದಿದ್ದರೆ ನೀರು ಕಡಿಮೆಯಿರುವ ಹಣ್ಣೇ ಗೆದ್ದಂತೆ ಕಾಣುತ್ತದೆ.